ಅಣ್ಣನ ಮನೆಯ ಗೆರೆ

"ಅತ್ತಿಗೆ, ನಿಮ್ಮ ಮನೆ ಕತ್ತಲಾಗಿಬಿಟ್ಟಿದೆ," ಎಂದ ಮೈದುನ, ಚಪ್ಪಲಿ ಬಿಡುತ್ತಲೇ.

ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತಿ ದೀಪ ನೋಡಿದಳು. ಉರಿಯುತ್ತಲೇ ಇತ್ತು.

"ದೀಪ ಅಲ್ಲ, ನನ್ನ ಕಂಪ್ಯೂಟರ್‌ನಲ್ಲಿ. ನೀವು ಏನ್ ನೋಡ್ತೀರಿ ಅಂತ ಒಂದೂ ಕಾಣ್ತಿಲ್ಲ. ಎಲ್ಲಾ ಯಾವುದೋ ಒಂದೇ ವಿಳಾಸಕ್ಕೆ ಹೋಗ್ತಿದೆ. ವಿಪಿಎನ್ ಹಾಕ್ಕೊಂಡಿದೀರಾ?"

ಆ ಬಡಾವಣೆಗೆಲ್ಲ ಇಂಟರ್ನೆಟ್ ಕೊಡುವವನು ಈ ಮೈದುನನೇ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಕಪ್ಪು ತಂತಿಗಳೆಲ್ಲ ಅವನ ಅಂಗಡಿಗೇ ಬಂದು ಸೇರುತ್ತವೆ. ಪರದೆಯ ಮೇಲೆ ಒಂದೊಂದು ಮನೆಗೂ ಒಂದೊಂದು ಗೆರೆ. ಇವರದಕ್ಕೆ 'ಅಣ್ಣನ ಮನೆ' ಅಂತ ಹೆಸರು. ಒಳಗೆ ಏನು ಓದಿದರು ಅನ್ನುವುದು ಅವನಿಗೆ ಕಾಣುವುದಿಲ್ಲ, ಯಾವ ಜಾಲತಾಣದ ಬಾಗಿಲು ತಟ್ಟಿದರು ಅನ್ನುವುದು ಕಾಣುತ್ತದೆ. ಅಷ್ಟು ಸಾಲದೇ? ಹಿಂದೊಮ್ಮೆ ಅವಳು ಕೆಲಸಕ್ಕೆ ಹೋಗುವ ಹೆಂಗಸರ ಹಾಸ್ಟೆಲ್ ಹುಡುಕಿದ್ದಳು. ಸಂಜೆ ಗಂಡ ಊಟಕ್ಕೆ ಕೂತು, "ಹಾಸ್ಟೆಲ್ ಯಾರಿಗೆ?" ಎಂದ. ದನಿ ಏರಿಸಲಿಲ್ಲ. ಕೈ ತೊಳೆದು ಬಂದು ಅವಳ ಫೋನಿನ ಸಿಮ್ ಕಿತ್ತು ಜೇಬಿಗೆ ಹಾಕಿಕೊಂಡ. ಮನೆಯಲ್ಲಿ ವೈಫೈ ಇದೆಯಲ್ಲ, ಸಾಕು ಎಂದ. ಅಂದಿನಿಂದ ಅವಳು ಏನು ಮಾಡುತ್ತಿದ್ದಾಳೆಂದು ತಿಳಿಯಬೇಕಾದರೆ ಅವನು ತಮ್ಮನಿಗೆ ಫೋನ್ ಮಾಡುತ್ತಾನೆ.

ವಿಪಿಎನ್ ಹಾಕಿಕೊಟ್ಟವಳು ಮಹಡಿ ಮನೆಯ ನರ್ಸ್. ಸಮವಸ್ತ್ರ ಬಿಗಿ ಮಾಡಿಸಲು ಬಂದವಳು, "ಇದಿದ್ರೆ ನೀವು ಎಲ್ಲಿಗೆ ಹೋದ್ರಿ ಅಂತ ಅವರಿಗೆ ತಿಳಿಯಲ್ಲ ಅಕ್ಕ," ಎಂದಿದ್ದಳು. ಅದರ ಮರೆಯಲ್ಲೇ ಅವಳು ದೂರದೂರಿನ ಬಟ್ಟೆ ಕಾರ್ಖಾನೆಗೆ ಬರೆದಳು. ಉತ್ತರವೂ ಬಂತು. ಬಟ್ಟೆ ಕತ್ತರಿಸುವ ಕೆಲಸ, ಇರಲು ಕೋಣೆ. ಗುರುವಾರ ಬಂದು ಕೈಕೆಲಸ ತೋರಿಸಿ. ಆ ಖುಷಿಯಲ್ಲಿ ಪೆದ್ದಿ ಆ ವಿಪಿಎನ್ ಆಫ್ ಮಾಡಲೇ ಇಲ್ಲ. ಧಾರಾವಾಹಿಯನ್ನೂ ಅದರ ಮರೆಯಲ್ಲೇ ನೋಡಿದಳು! ದಿನಾ ಬೆಳಗುತ್ತಿದ್ದ ಮನೆ ಕತ್ತಲಾದರೆ ಯಾರ ಕಣ್ಣಿಗೆ ಬೀಳುವುದಿಲ್ಲ?

"ಏನೋ ಒತ್ತಿಬಿಟ್ಟಿರ್ಬೇಕು. ನನಗೇನು ಗೊತ್ತಾಗುತ್ತೆ ಇದೆಲ್ಲ," ಎಂದು ಫೋನ್ ಕೊಟ್ಟಳು. ಮತ್ತೆ ಬಟ್ಟೆ ಹಿಡಿದಳು.

ಅವನೇ ಅದನ್ನು ಅಳಿಸಿಹಾಕಿದ. "ಅಣ್ಣಂಗೆ ಇನ್ನೂ ಹೇಳಿಲ್ಲ, ಬಿಡಿ. ನನಗ್ಯಾಕೆ ನಿಷ್ಠುರ? ಆರಾಮಾಗಿ ಧಾರಾವಾಹಿ ನೋಡ್ಕೊಂಡಿರಿ. ಅಣ್ಣ ಕೇಳಿದ್ರೆ ನಾನೂ ನೆಮ್ಮದಿಯಾಗಿ ಹೇಳ್ಬಹುದು."

ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಮನಸ್ಸಿನಲ್ಲಾದರೂ ಬೈದು ಹಗುರಾಗಬಹುದಿತ್ತು. ಮರುದಿನವೇ ಗುರುವಾರ. ಕಾರ್ಖಾನೆಯ ವಿಳಾಸವೇನೋ ಬಾಯಿಪಾಠವಾಗಿತ್ತು. ಆದರೆ ಫೋನ್ ಒಯ್ದರೆ ಮನೆಯ ಗೆರೆ ಸತ್ತುಹೋಗುತ್ತದೆ, ಸುಮ್ಮನೆ ಇಟ್ಟುಹೋದರೂ ಅಷ್ಟೇ.

ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ. ಅವಳು ಫೋನಿಗೆ ಚಾರ್ಜರ್ ಸಿಕ್ಕಿಸಿ, ನೂಲಿನ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಧಾರಾವಾಹಿಯನ್ನು ಮೊದಲ ಕಂತಿನಿಂದ ಹಚ್ಚಿದಳು. ಒಂದು ಮುಗಿದರೆ ತಾನಾಗಿ ಇನ್ನೊಂದು ಶುರುವಾಗುತ್ತಿತ್ತು. ದೊಡ್ಡ ಕತ್ತರಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಪರದೆಯ ಮೇಲೆ ಅತ್ತೆಯೊಬ್ಬಳು ಸೊಸೆಯನ್ನು ಗದರುತ್ತಿದ್ದಳು. ಖಾಲಿ ಕುರ್ಚಿಯನ್ನು ಅದರ ಮುಂದಕ್ಕೆ ಎಳೆದಿಟ್ಟು, ಯಾಕೆ ಎಳೆದೆ ಎಂದು ತನಗೇ ನಗು ಬಂದು, ಬಾಗಿಲೆಳೆದುಕೊಂಡಳು.

ಬಸ್ ನಿಲ್ದಾಣಕ್ಕೆ ಮೈದುನನ ಅಂಗಡಿಯ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಅವನು ಬೀದಿಗೆ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕೂತಿದ್ದ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು.

"ಹ್ಞೂಂ ಅಣ್ಣ, ನೋಡ್ತಾ ಇದೀನಿ," ಎನ್ನುತ್ತಿದ್ದ. "ಅತ್ತಿಗೆ ಮನೇಲೇ ಇದಾರೆ. ಧಾರಾವಾಹಿ ನೋಡ್ತಿದಾರೆ."

ಅವಳು ಚೀಲವನ್ನು ಎದೆಗೆ ಅವಚಿಕೊಂಡು ನಡೆದಳು. ತಲೆಯ ಮೇಲೆ ಕಪ್ಪು ತಂತಿ ಕಂಬದಿಂದ ಕಂಬಕ್ಕೆ ಜೊತೆಗೇ ಬರುತ್ತಿತ್ತು, ನಿಲ್ದಾಣದವರೆಗೂ.