ಹಗ್ಗದ ಮೇಲಿನ ಶರ್ಟು

ಪ್ರತಿ ಭಾನುವಾರ ಬೆಳಿಗ್ಗೆ ಅರುಣಕುಮಾರಿ ಗಂಡಸಿನ ಶರ್ಟೊಂದನ್ನು ಒಗೆದು, ಎಲ್ಲರಿಗೂ ಕಾಣುವಂತೆ ಹಗ್ಗದ ಮೇಲೆ ಹರವುತ್ತಿದ್ದಳು. ನೀಲಿ ಗೀಟಿನ, ತುಂಬು ತೋಳಿನ ಶರ್ಟು. ಅದನ್ನು ತೊಡುವ ಗಂಡಸು ಆ ಮನೆಯಲ್ಲಿ ಇರಲಿಲ್ಲ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹತ್ತಿರ ಹಳೇ ಬಟ್ಟೆ ಗುಡ್ಡೆ ಹಾಕಿಕೊಂಡು ಕೂರುವವನ ಬಳಿ ಕೊಂಡ ಶರ್ಟು ಅದು. ಕೊಳ್ಳುವಾಗ ಅಳತೆ ನೋಡಿರಲಿಲ್ಲ. ಯಾರ ಅಳತೆ ಅಂತ ನೋಡುವುದು? ಬಾಗಿಲ ಹೊರಗೆ ಒಂದು ಜೊತೆ ದೊಡ್ಡ ಚಪ್ಪಲಿಯೂ ಇತ್ತು. ಬಿಟ್ಟಲ್ಲೇ ಬಿದ್ದ ಚಪ್ಪಲಿಗೆ ಧೂಳು ಕೂತರೆ ಜನಕ್ಕೆ ಗೊತ್ತಾಗುತ್ತದಲ್ಲ, ಅದಕ್ಕೆ ವಾರಕ್ಕೊಮ್ಮೆ ಒರೆಸಿ, ಅಟ್ಟೆಗೆ ಹೊಸ ಮಣ್ಣು ಮೆತ್ತುವ ಕೆಲಸ ಮಗಳು ತ್ರಿವೇಣಿಯದು. ಹುಡುಗಿ ಅದನ್ನು ಹೋಂವರ್ಕ್‌ಗಿಂತ ಚೆನ್ನಾಗಿ ಮಾಡುತ್ತಿದ್ದಳು.

ಹುಚ್ಚು ಅಂತೀರೇನೋ. ಬಾಡಿಗೆ ಮನೆ ಹುಡುಕಿಕೊಂಡು ಒಂದು ಹೆಣ್ಣು, ಒಂದು ಮಗು ಬೀದಿ ಸುತ್ತಿ ನೋಡಲಿ, ಆಮೇಲೆ ಮಾತಾಡೋಣ. ಗೇಟಿನಲ್ಲೇ ಮೊದಲ ಪ್ರಶ್ನೆ: "ಯಜಮಾನ್ರು ಏನ್ ಮಾಡ್ತಾರೆ?" ಅರುಣಕುಮಾರಿ ಮೊದಲ ಮನೆಯಲ್ಲಿ ನಿಜ ಹೇಳಿದ್ದಳು: ಗಂಡನನ್ನು ಬಿಟ್ಟು ಬಂದಿದ್ದೇನೆ, ನಾನು ಮಗಳು ಇಬ್ಬರೇ. ಪಾಪ ಅಂದರು, ಮನೆ ಕೊಟ್ಟರು. ಮೂರು ತಿಂಗಳಾಗುವ ಹೊತ್ತಿಗೆ ಓನರ್‌ ತಮ್ಮನಿಗೆ ಹೊತ್ತಲ್ಲದ ಹೊತ್ತಿನಲ್ಲಿ ಬಾಯಾರಿಕೆ ಶುರುವಾಯಿತು, ಒಂದು ಲೋಟ ನೀರು ಕೊಡಮ್ಮ ಅಂತ ಬಾಗಿಲು ತಟ್ಟತೊಡಗಿದ. ಆ ಮನೆ ಬಿಟ್ಟಳು. ಎರಡನೇ ಮನೆಯಲ್ಲೂ ನಿಜವನ್ನೇ ಹೇಳಿದಳು. ಅಲ್ಲಿ ನೀರು ಕೇಳಲಿಲ್ಲ, ಬಾಯಿಗೆ ಬಂದಂತೆ ಆಡಿಕೊಂಡರು. ಮೂರನೇ ಮನೆಗೆ ಬರುವಾಗ ಗಂಡನನ್ನು ಬಾಯಿಮಾತಿನಲ್ಲೇ ಲಾರಿ ಹತ್ತಿಸಿ ನಾರ್ತ್ ಇಂಡಿಯಾಕ್ಕೆ ಕಳಿಸಿಬಿಟ್ಟಳು. ಶರ್ಟು ಕೊಂಡಿದ್ದು ಆಗ.

ಈ ಮೂರನೇ ಮನೆಯ ಓನರ್ ಕುಪ್ಪುಸ್ವಾಮಿ ಕೆಟ್ಟವನಲ್ಲ. ಆದರೆ ಲೆಕ್ಕ ಇಟ್ಟಿದ್ದ.

"ಅರುಣಮ್ಮಾ, ಲಾರಿ ಅಂದ್ರೆ ಲಾರಿನೇ, ಒಪ್ಪಿದೆ. ಎರಡು ವರ್ಷದಲ್ಲಿ ಒಂದು ಸಾರಿ ಕೂಡ ಬ್ರೇಕ್ ಹಾಕಲ್ವಾ ಆ ಮನುಷ್ಯ? ಅಕ್ಕಪಕ್ಕ ಒಂಥರಾ ಕೇಳ್ತಾರೆ. ನನಗೂ ಹೆಣ್ಣು ಮಕ್ಳಿದಾರೆ. ಆಷಾಢ ಬರೋ ಮುಂಚೆ ಬೇರೆ ನೋಡ್ಕೊಳ್ಳಿ ಮಾ."

ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ. ಅವಳಿಗೆ ಮೊದಲಿಂದಲೂ ಭಯವೇ. ಗಾರ್ಮೆಂಟ್ಸ್ ಕೆಲಸಕ್ಕೆ ಬೆಂಗಳೂರು ಕಡೆ ರೈಲಿನಲ್ಲಿ ಹೋಗಿ ಬರುವವಳು. ಸ್ಕೂಲು ಬಿಟ್ಟ ಮೇಲೆ ಅವಳು ಬರುವ ತನಕ ತ್ರಿವೇಣಿ ಒಳಗಿನಿಂದ ಬಾಗಿಲು ಹಾಕಿಕೊಂಡು ಒಬ್ಬಳೇ ಕೂತಿರುತ್ತಾಳೆ. ಯಾರು ತಟ್ಟಿದರೂ ಮಗು ಹೇಳಬೇಕಾದ ಮಾತು ಒಂದೇ: "ಅಪ್ಪ ಮಲಗಿದ್ದಾರೆ." ಮಷಿನ್ನಿನ ಮುಂದೆ ಕೂತು ಕಾಲರ್ ಹೊಲಿಯುವಾಗ ಅರುಣಕುಮಾರಿಗೆ ಕಿವಿಯಲ್ಲಿ ಆ ಬಾಗಿಲು ತಟ್ಟುವ ಸದ್ದೇ. ಈಗ ಆ ಬಾಗಿಲೂ ಹೋಗುತ್ತದೆ. ನಾಲ್ಕನೇ ಮನೆ, ನಾಲ್ಕನೇ ಗೇಟು, ಅದೇ ಪ್ರಶ್ನೆ. ಸಾಕು, ಸತ್ತರೂ ಇನ್ನೊಂದು ಗೇಟಿನ ಮುಂದೆ ನಿಲ್ಲಲ್ಲ, ಸ್ವಂತದ್ದು ಎಷ್ಟು ಚಿಕ್ಕದಾದರೂ ಸರಿ ಅಂತ ಹಠ ಹಿಡಿದಳು.

ಹಾಗೆ ಸಿಕ್ಕಿದ್ದು ಬಂಗಾರಪೇಟೆಯ ಮನೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ, ಎರಡೇ ಕೋಣೆ, ಹಿತ್ತಿಲಲ್ಲಿ ಒಂದು ನುಗ್ಗೆ ಮರ. ಬೇರೆಯವರು ಮನೆ ನೋಡಲು ಬಂದರೆ ಗೋಡೆ ಬಿರುಕು ನೋಡುತ್ತಾರೆ, ನೀರು ಬರುತ್ತದಾ ಕೇಳುತ್ತಾರೆ. ಇವಳು ಮುಂಬಾಗಿಲ ಒಳಗಿನ ಕಬ್ಬಿಣದ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ಹಳೇ ಕಾಲದ ದಪ್ಪ ಚಿಲಕ. ಆನೆ ಬಂದರೂ ಅಲ್ಲಾಡದು. ಅವಳಿಗೆ ಹಿಡಿಸದಿದ್ದದ್ದು ಒಂದೇ: ಮನೆ ಮುಂದಿನದು ಕಾಮಸಮುದ್ರದ ಬಸ್ಸು ಓಡಾಡುವ ರಸ್ತೆ. ಕಾಮಸಮುದ್ರ ಅವಳು ಏಳು ತಿಂಗಳ ಮಗುವನ್ನು ಎತ್ತಿಕೊಂಡು ಓಡಿ ಬಂದ ಊರು. ಅವಳ ಗಂಡ ಚಲಪತಿ ಇರುವ ಊರು. ಅವಳ ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ತಿರುಗುವುದಿಲ್ಲ. ಅದು ಅವನ ಕೆಲಸ. ಎಂಟು ವರ್ಷ, ಒಂದು ಬಸ್ಸಿನಷ್ಟು ದೂರದಲ್ಲಿ, ಅವನ ಕಣ್ಣಿಗೆ ಬೀಳದೆ ಬದುಕಿದ್ದಳು.

ಮನೆ ಮಾರುವವರು ರೈಲ್ವೆಯಿಂದ ರಿಟೈರಾದ ವೆಂಕಟರಾಯಪ್ಪ, ಪಕ್ಕದ ಮನೆಯಲ್ಲೇ ಇರುವವರು. ಮಗಳ ಮದುವೆಗೆ ಅಂತ ಈ ಚಿಕ್ಕ ಮನೆ ಮಾರುತ್ತಿದ್ದರು. ಒಳ್ಳೇ ಮನುಷ್ಯ, ಆದರೆ ಮೂಗು ತೂರಿಸದಿದ್ದರೆ ತಿಂದದ್ದು ಅರಗದು.

"ಯಾವೂರಮ್ಮ? ಯಾರ ಪೈಕಿ?"

ಇಲ್ಲಿಯೇ ಅರುಣಕುಮಾರಿ ಎಡವಿದ್ದು. ಕೋಲಾರದ ಕಡೆಯವರ ಹತ್ತಿರ ಸುಳ್ಳು ಊರು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ. ಯಾವ ಊರು ಹೇಳಿದರೂ ಅಲ್ಲಿ ಅವರ ಚಿಕ್ಕಪ್ಪನ ಬೀಗರೊಬ್ಬರು ಇದ್ದೇ ಇರುತ್ತಾರೆ. ಸಿಕ್ಕಿಬೀಳುತ್ತೇನೆ ಅಂತ ಹೆದರಿ ಅವಳು ನಿಜವಾದ ಊರು, ನಿಜವಾದ ಹೆಸರು ಹೇಳಿ, ಲಾರಿಯೊಂದನ್ನು ಮಾತ್ರ ಸುಳ್ಳಾಗಿ ಸೇರಿಸಿದಳು. ಕಾಮಸಮುದ್ರ. ಚಲಪತಿ. ಲಾರಿ ಮೇಲೆ ಗುಜರಾತ್ ಕಡೆ ಹೋಗಿದ್ದಾರೆ.

"ನನ್ ಸಂಬಳದ ಮೇಲೇ ಬ್ಯಾಂಕ್ನೋರು ಲೋನ್ ಕೊಡ್ತೀವಿ ಅಂದವ್ರೆ ಅಣ್ಣ. ಪತ್ರ ನನ್ನೆಸರಿಗೇ."

"ಅದೆಲ್ಲ ಸರಿನಮ್ಮ. ಆದ್ರೆ ತಾಂಬೂಲಕ್ಕೆ ಗಂಡ ಎಂಡ್ತಿ ಇಬ್ರೂ ಬರಬೇಕು. ಮುಂಚೆ ಒಬ್ಬಾಕೆಗೆ ಸೈಟು ಕೊಟ್ಟು, ಆಮೇಲೆ ಅವಳ ಗಂಡ ಬಂದು ಜಗಳ ತೆಗ್ದು, ಕೋರ್ಟು ಅಲ್ದು ಅಲ್ದು ನನ್ ಚಪ್ಪಲಿ ಸವ್ದೋಗವೆ."

ರಿಜಿಸ್ಟರ್ ಆಫೀಸಿನ ಪತ್ರಕ್ಕೂ ಮುಂಚೆ ನಾಲ್ಕು ಜನರ ಎದುರು ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆಯನ್ನು ಕೊಡುವವರು ಇಬ್ಬರು ಹಿಡಿದು ಕೊಡಬೇಕು, ಕೊಳ್ಳುವವರು ಇಬ್ಬರು ಹಿಡಿದು ತಗೊಳ್ಳಬೇಕು. ಆಮೇಲೆ ಮಾತು ತಪ್ಪುವ ಹಾಗಿಲ್ಲ. ಅದು ಆ ಮನೆಯ ಪದ್ಧತಿ. ಲಾರಿ ಸಿಕ್ಕಾಪಟ್ಟೆ ದೂರ ಹೋಗಿದೆ, ಬರೋಕಾಗಲ್ಲ ಅಂತ ಅರುಣಕುಮಾರಿ ಫೋನಿನಲ್ಲಿ ಬೇಡಿಕೊಂಡಾಗ ವೆಂಕಟರಾಯಪ್ಪ ವಾದ ಮಾಡಲಿಲ್ಲ. "ಆಗ್ಲಿ ಬಿಡಮ್ಮ, ನೀನ್ ಬಾ, ನೋಡಾನ" ಅಂದು ಒಳಗೊಳಗೇ ನಕ್ಕ ಹಾಗಿತ್ತು. ಆ ನಗುವಿಗೆ ಅವಳು ಹೆದರಬೇಕಿತ್ತು. ಎಲ್ಲದಕ್ಕೂ ಹೆದರುವವಳು ಅದೊಂದಕ್ಕೆ ಹೆದರಲಿಲ್ಲ.

ಶುಕ್ರವಾರ ತ್ರಿವೇಣಿಗೆ ರೇಷ್ಮೆ ಲಂಗ ಉಡಿಸಿ ಕರೆದುಕೊಂಡು ಹೋದಳು. ವೆಂಕಟರಾಯಪ್ಪನ ಹೊಸಿಲು ದಾಟುವಾಗ ಮಣಿಕಟ್ಟು ಚುಳ್ಳೆಂದಿತು. ತಲೆ ಎತ್ತಿದರೆ, ನಡುಮನೆಯ ಕುರ್ಚಿಯಲ್ಲಿ ಚಲಪತಿ ಕೂತು ಕಾಫಿ ಕುಡಿಯುತ್ತಿದ್ದ.

"ನೋಡಮ್ಮ, ಇದೇ ನಾನ್ ಮಾಡಿದ್ ಸರ್ಪ್ರೈಸು!" ವೆಂಕಟರಾಯಪ್ಪನಿಗೆ ಸಂಭ್ರಮವೋ ಸಂಭ್ರಮ. "ಕಾಮಸಮುದ್ರದಾಗೆ ನಮ್ ತಂಗಿ ಮನೆ ಐತೆ. ಬಸ್ಸತ್ತಿ ಓದೆ. ಚಲಪತಿ ಮನೆ ಯಾವ್ದು ಅಂದೆ, ಅಂಗೇ ತೋರ್ಸಿದ್ರು. ಲಾರಿ ಇಳ್ದು ಮನೇಲೇ ಅವ್ರೆ, ನಿಂಗೇ ಗೊತ್ತಿಲ್ಲ!"

ಚಲಪತಿ ಲೋಟ ಕೆಳಗಿಟ್ಟ. ಕೂದಲು ತೆಳ್ಳಗಾಗಿತ್ತು, ಮೈ ಬತ್ತಿತ್ತು. ನಗು ಮಾತ್ರ ಅದೇ, ಹೊಡೆಯುವುದಕ್ಕೆ ಮುಂಚೆ ನಗುತ್ತಿದ್ದ ನಗು.

"ಏನ್ ಅರುಣಾ, ಮನೆ ತಗೊಳೋ ಅಷ್ಟಾಗಿದ್ದೀಯ. ನಂಗ್ ಒಂದ್ ಮಾತೇಳಬಾರ್ದಾ?" ಆಮೇಲೆ ವೆಂಕಟರಾಯಪ್ಪನ ಕಡೆ ತಿರುಗಿ, "ಪತ್ರ ನನ್ನೆಸರಿಗೇ ಮಾಡ್ಸಿಬಿಡಾನ ಮಾವ. ಎಂಗಸರಿಗೆ ಆಫೀಸು ಗೀಫೀಸು ಅಲೆಯೋದು ಯಾಕೆ?" ಅಂದ.

ಅಕ್ಕಪಕ್ಕದ ನಾಲ್ಕು ಜನ ಚಾಪೆಯ ಮೇಲೆ ಕೂತಿದ್ದರು. ವೆಂಕಟರಾಯಪ್ಪನ ಹೆಂಡತಿ ಆದಿಲಕ್ಷ್ಮಿ ಒಳಗಿನಿಂದ ತಾಂಬೂಲದ ತಟ್ಟೆ ತಂದು ಮಧ್ಯದಲ್ಲಿಟ್ಟರು. "ಕೂತ್ಕೊಳ್ರಮ್ಮ, ಜೊತೇಲಿ." ಚಲಪತಿ ಆಗಲೇ ಮಣೆಯ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ.

ಕೂತರೆ ಮನೆ ಸಿಗುತ್ತದೆ, ಕೂರದಿದ್ದರೆ ಆಷಾಢಕ್ಕೆ ಬೀದಿ. ಅವಳು ಕೂತಳು. ನಿಜ ಹೇಳುತ್ತೇನೆ, ಕೂತಳು. ಕಾಲು ತಾನಾಗಿ ಮಡಚಿತು. ಅವನ ಬೆವರಿನ ವಾಸನೆ ಮೂಗಿಗೆ ಬಡಿದಾಗ ಅವಳಿಗೆ ಆ ಚಿಲಕ ನೆನಪಾಯಿತು. ಎಷ್ಟು ಗಟ್ಟಿ ಚಿಲಕ! ಹೊರಗಿನವರು ಯಾರೂ ಒಳಗೆ ಬರಲಾರರು ಅಂತ ಖುಷಿಪಟ್ಟಿದ್ದಳು. ಇವನು ಒಳಗೆ ಬಂದು ಅದನ್ನು ಹಾಕಿಬಿಟ್ಟರೆ? ಆಮೇಲೆ ಅವಳು ಕೂಗಿಕೊಂಡರೂ ಹೊರಗಿನವರು ಯಾರೂ ಒಳಗೆ ಬರಲಾರರು. ತಟ್ಟೆಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ತ್ರಿವೇಣಿ ಆ ಮನುಷ್ಯನನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದಳು. ಹುಡುಗಿಗೆ ಗಂಡಸರ ವಿಷಯ ಗೊತ್ತಿದ್ದದ್ದು ಒಂದು ಶರ್ಟಿನಷ್ಟು.

"ಅಮ್ಮಾ, ಇವರು ಅಪ್ಪ ಅಲ್ಲ. ಅಪ್ಪನ ಶರ್ಟು ಇವರಿಗೆ ತುಂಬಾ ದೊಡ್ಡದಾಗುತ್ತೆ."

ಚಾಪೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. ಚಲಪತಿ ನಗಲಿಲ್ಲ. "ಯಾವನ ಶರ್ಟೇ ಅದು?" ಅಂತ ಅರುಣಕುಮಾರಿಯ ಮಣಿಕಟ್ಟಿಗೆ ಕೈ ಹಾಕಿದ. ಅದೇ ಮಣಿಕಟ್ಟು. ಎಲ್ಲರ ಎದುರಿಗೇ ಹಿಂಡಿದ.

ನೋವಿಗೆ ಬಾಯಿ ತೆರೆಯಿತು. ಜೊತೆಗೆ ಎಂಟು ವರ್ಷದ ಮಾತೂ ಬಂತು.

"ಬುಡು ಕೈ! ಅದು ಯಾವನದೂ ಅಲ್ಲ. ನಾನ್ ಮಾರ್ಕೆಟ್ಟಲ್ಲಿ ತಂದಿದ್ದು. ಗಂಡ ಅವ್ನೆ ಅಂತ ಜನ ನಂಬಲಿ ಅಂತ ಹಗ್ಗದ ಮೇಲಾಕೋದು. ಅಣ್ಣ, ನಾನ್ ಸುಳ್ಳೇಳ್ದೆ. ಇವ್ರು ಲಾರಿ ಮೇಲೆ ಓಗಿಲ್ಲ. ನಾನೇ ಓಡಿ ಬಂದಿದ್ದು. ಈ ಕೈ ಮುರ್ದಿದ್ದು ಇವ್ರೇ. ಮನೆ ಕೊಡದಿದ್ರೂ ಬೇಡ, ಇವ್ರ ಪಕ್ಕ ಕೂತು ನಾನ್ ತಟ್ಟೆ ಇಡಿಯಲ್ಲ."

ಎದ್ದು ನಿಂತಳು. ಮಗಳನ್ನು ಎದೆಗೆ ಒತ್ತಿಕೊಂಡಳು. ಧೈರ್ಯ ಬಂದು ಮಾತಾಡಿದ್ದಲ್ಲ, ಇನ್ನೊಂದು ಭಯ ದೊಡ್ಡದಾಗಿತ್ತು ಅಷ್ಟೆ.

ವೆಂಕಟರಾಯಪ್ಪನ ಮುಖ ಸುಣ್ಣವಾಯಿತು. ಚಲಪತಿ ಎದ್ದು ಪಂಚೆ ಕೊಡವಿದ. "ತಗೊಳೇ, ಮನೆ ತಗೋ. ಬಂಗಾರಪೇಟೆ ಏನು ದೂರನಾ? ಬಸ್ಸು ಮನೆ ಮುಂದೇನೇ ನಿಲ್ತದೆ" ಅಂದ. ಕೂಗಲಿಲ್ಲ, ಮೆಲ್ಲಗೇ ಹೇಳಿದ. ಹೊಸಿಲು ದಾಟಿ ಹೋಗುವಾಗ ಮಗುವಿನ ಕಡೆ ತಿರುಗಿ ಕೂಡ ನೋಡಲಿಲ್ಲ.

ಅರುಣಕುಮಾರಿ ಚೀಲ ಎತ್ತಿಕೊಂಡಳು. ವೆಂಕಟರಾಯಪ್ಪ ಗಂಟಲು ಸರಿ ಮಾಡಿಕೊಂಡು, "ಸುಳ್ಳೇಳಿದ್ಯಲ್ಲಮ್ಮ... ಇಬ್ರೂ ಇಡೀದೆ ತಾಂಬೂಲ ಎಂಗೆ..." ಅಂತ ತೊದಲಿದರು. ತಟ್ಟೆಗೆ ಕೈ ಹಾಕಿ ಎತ್ತಲು ಹೋದರು.

"ಅದನ್ನ ಮುಟ್ಟಬೇಡಿ," ಆದಿಲಕ್ಷ್ಮಿ ಅಂದರು. "ಜನರ ಮುಂದಿಟ್ಟ ತಾಂಬೂಲ ವಾಪಸ್ ಒಳಕ್ಕೆ ತಗೊಂಡೋಗೋದು ನಮ್ಮಲ್ಲಿಲ್ಲ. ಮಗಳ ಮದ್ವೆ ಇಟ್ಕೊಂಡು ಅಪಶಕುನ ಮಾಡ್ತೀರಾ? ದೇವುಡಾ, ಕೇಳ್ದೆ ಮಾಡ್ದೆ ಬಸ್ಸತ್ತಿ ಓಗಿ ಆ ಕಟುಕನ್ನ ಕರ್ಕೊಂಡು ಬಂದೋರು ಯಾರು? ಈಕೆನಾ, ನೀವಾ? ಇಬ್ರು ಇಡೀಬೇಕು ಅಷ್ಟೆ ತಾನೆ? ಲೇ ಪಾಪ, ಬಾ ಇಲ್ಲಿ. ನಿಮ್ಮಮ್ಮನ ಪಕ್ಕ ಕುಂತ್ಕೊ. ಎರಡೂ ಕೈಲಿ ಇಡಿ, ತೆಂಗಿನಕಾಯಿ ಬಿದ್ದೀತು."

ವೆಂಕಟರಾಯಪ್ಪ ಹೆಂಡತಿಯ ಪಕ್ಕ ಕೂತು ತಟ್ಟೆ ಹಿಡಿದರು. ತ್ರಿವೇಣಿ ಎರಡೂ ಕೈ ಚಾಚಿದಳು.

ಆಷಾಢಕ್ಕೆ ಇನ್ನೂ ದಿನವಿರುವಾಗಲೇ ಪತ್ರವಾಯಿತು, ಹಾಲು ಉಕ್ಕಿತು. ಹೊಸ ಮನೆಯ ಮೊದಲ ಭಾನುವಾರ ಅರುಣಕುಮಾರಿ ಬಟ್ಟೆ ನೆನೆಹಾಕುವಾಗ ತ್ರಿವೇಣಿ ಗಂಟಿನಿಂದ ಆ ನೀಲಿ ಶರ್ಟು ಎಳೆದು ತಂದಳು.

"ಇನ್ನ ಇದು ಬೇಡ ಅಲ್ವಾಮ್ಮ? ಇದು ನಮ್ಮದೇ ಮನೆ."

"ಬೇಡ ಕಂದ. ನೆಲ ಒರೆಸೋಕೆ ಇಟ್ಕೊಳ್ಳೋಣ."

ಇಬ್ಬರೂ ನಕ್ಕರು. ಅರುಣಕುಮಾರಿ ಅದನ್ನು ಹರಿಯಲು ಎರಡೂ ಕೈಯಲ್ಲಿ ಹಿಡಿದಳು. ಅಷ್ಟರಲ್ಲಿ ಮುಂದಿನ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿತು. ಕಾಮಸಮುದ್ರದ ಬಸ್ಸು. ನಿಂತಿತು. ಯಾರೋ ಇಳಿದರು. ಕಾಂಪೌಂಡಿನ ಆಚೆ ತಲೆಯಷ್ಟೇ ಕಂಡಿತು, ಯಾರದು ಅಂತ ಗೊತ್ತಾಗಲಿಲ್ಲ. ಆ ತಲೆ ಮುಂದಕ್ಕೆ ಹೋಯಿತೋ ಅಲ್ಲೇ ನಿಂತಿತೋ ಅದೂ ಗೊತ್ತಾಗಲಿಲ್ಲ.

ಅವಳು ಶರ್ಟು ಹರಿಯಲಿಲ್ಲ. ಬಕೆಟ್ಟಿಗೆ ಅದ್ದಿ, ಹಿಂಡಿ, ಮನೆ ಮುಂದೆ ಹೊಸದಾಗಿ ಕಟ್ಟಿದ ಹಗ್ಗದ ಮೇಲೆ, ರಸ್ತೆಗೆ ಎದುರಾಗಿ, ಎರಡೂ ತೋಳು ಅಗಲಿಸಿ ಹರವಿದಳು. ದೊಡ್ಡ ಶರ್ಟು. ಚಲಪತಿಗಿಂತ ಎಷ್ಟೋ ದೊಡ್ಡ ಗಂಡಸಿನ ಶರ್ಟು. ಆವತ್ತು ಅಳತೆ ನೋಡದೆ ಕೊಂಡದ್ದು ಒಳ್ಳೇದೇ ಆಯಿತು ಅನ್ನಿಸಿತು.

ತ್ರಿವೇಣಿ ಮಂಚದ ಕೆಳಗಿನಿಂದ ಆ ದೊಡ್ಡ ಚಪ್ಪಲಿ ಜೋಡಿ ತೆಗೆದುಕೊಂಡು, ನುಗ್ಗೆ ಮರದ ಬುಡದಲ್ಲಿ ಹಸಿ ಮಣ್ಣು ಹುಡುಕಲು ಹಿತ್ತಿಲಿಗೆ ಹೋದಳು.