ತಿಪ್ಪಿ ತೆಗೆದ ಜಾಗ

ಬೆಳಗಿನ ಹತ್ತೂವರೆ. ಪಂಚಾಯಿತಿ ಅಧಿಕಾರಿ ರಂಜನಾ ಸ್ಥಳ ನೋಡಲು ಬಂದಾಗ ಸುಂದರವ್ವನ ಜಾಗದಲ್ಲಿ ಏನೂ ಇರಲಿಲ್ಲ.

ಹಿಂದಿನ ದಿನದವರೆಗೆ ಅಲ್ಲಿ ತಿಪ್ಪಿ ಇತ್ತು. ಅತ್ತೆಯ ಕಾಲದಿಂದ ಮನೆಯ ಸಗಣಿ, ಬೂದಿ, ಕಸ ಎಲ್ಲ ಅಲ್ಲೇ ಬೀಳುತ್ತಿತ್ತು. ಮುನವಳ್ಳಿ ದಾರಿಯ ಆ ಊರಿನಲ್ಲಿ ಹಿತ್ತಲ ಕಡೆಯ ಜಾಗಗಳಿಗೆ ಕಾಗದವಿಲ್ಲ. ತಿಪ್ಪಿ ಯಾರದೋ, ಮೇವಿನ ಬಣವಿ ಯಾರದೋ, ಜಾಗ ಅವರದು. ಅಲ್ಲಿ ಶೆಡ್ ಹಾಕಿ ರೊಟ್ಟಿ ಯಂತ್ರ ಇಡಬೇಕೆಂದು ಸುಂದರವ್ವ ಬ್ಯಾಂಕಿಗೆ ಹೋಗಿದ್ದಳು. ಸವದತ್ತಿಯ ಖಾನಾವಳಿಗಳು ಕೇಳುವಷ್ಟು ರೊಟ್ಟಿಯನ್ನು ಕೈಯಲ್ಲಿ ಬಡಿದು ಕೊಡಲಾಗುತ್ತಿರಲಿಲ್ಲ. ಬ್ಯಾಂಕಿನವರು ಜಾಗ ಅವಳದೆಂದು ತೋರಿಸುವ ಪಂಚಾಯಿತಿಯ ಕಾಗದ, ಉತಾರ, ಕೇಳಿದರು. ಉತಾರ ಬೇಕೆಂದರೆ ಸ್ಥಳ ತಪಾಸಣೆ ಆಗಬೇಕು. ಅಧಿಕಾರಿ ಬರುವ ಕಡೆ ಹೊಲಸು ಇರಬಾರದೆಂದು ಅವಳು ಟ್ರ್ಯಾಕ್ಟರ್ ಕರೆಸಿ ತಿಪ್ಪಿ ಎತ್ತಿಸಿ, ಗುಡಿಸಿ ನೀರು ಹೊಡೆದಿದ್ದಳು.

ಖಾಲಿ ಜಾಗವನ್ನು ಪಂಚಾಯಿತಿಯದೆಂದೇ ಬರೆಯಬೇಕಾಗುತ್ತದೆ ಎಂದಳು ರಂಜನಾ. ಪಕ್ಕದವರು ಪಂಚನಾಮೆಗೆ ಸಹಿ ಹಾಕಿದರೆ ಬೇರೆ ಮಾತು.

ಮೂರು ಕಡೆ ರಸ್ತೆ, ಗಟಾರ, ಅವಳದೇ ಮನೆ. ಪಕ್ಕದವನೆಂದರೆ ಟಂಟಂ ಆಟೊ ಓಡಿಸುವ ಬಾಬಾಜಾನ ಒಬ್ಬನೇ.

"ಲಗ್ನದ ಮನಿ ಸಾರಿಸಿದಂಗ ಸಾರಿಸೀರಿ ಸುಂದರಕ್ಕಾ," ಅಂದ ಅವನು. "ಎಲಿ ಹಾಕೂದೊಂದ ಬಾಕಿ."

ನಕ್ಕವನು ಅವಳನ್ನು ತನ್ನ ಬಣವಿಯ ಮಗ್ಗುಲಿಗೆ ಕರೆದ. ಸುಗ್ಗಿ ಮುಗಿದ ಮೇಲೆ ಆ ಬಣವಿ ಪ್ರತಿವರ್ಷ ಅವಳ ಕಡೆಗೆ ಚಾಚಿಕೊಳ್ಳುತ್ತಿತ್ತು. ಮಳೆಗಾಲದಲ್ಲಿ ಅವಳ ತಿಪ್ಪಿ ಅವನ ಕಡೆಗೆ ಜಾರುತ್ತಿತ್ತು. ಇಬ್ಬರೂ ಎಂದೂ ತಕರಾರು ತೆಗೆದವರಲ್ಲ.

"ಬಣವಿ ಇವತ್ತ ಎಲ್ಲಿತನಕ ಐತಿ, ಅಲ್ಲಿತನಕ ನಂದು ಅಂತ ಬರಸ್ರಿ. ಸಹಿ ಮಾಡತೇನಿ."

"ಬ್ಯಾಸಗಿಗೆ ದನ ತಿಂದು ಅದು ಹಿಂದ ಸರೀತೈತಲ್ಲಪಾ."

"ಕಾಗದಾ ಸರಿಯೂದಿಲ್ಲಲ್ರಿ ಅಕ್ಕಾ."

ಮುಂದಿನ ತಿಂಗಳು ಅವನೂ ಅರ್ಜಿ ಹಾಕುವವನಿದ್ದ; ಟಂಟಂ ನಿಲ್ಲಿಸಲು ಅವನಿಗೂ ಜಾಗ ಬೇಕಿತ್ತು. ರಂಜನಾ ಜೀಪಿನ ಬಾಗಿಲು ತೆರೆದು, ಇನ್ನೂ ಎರಡು ಊರಿಗೆ ಹೋಗಬೇಕೆಂದು ಕೂಗಿ ಹೇಳಿದಳು. ಸುಂದರವ್ವ ನೆಲ ನೋಡಿದಳು. ಯಂತ್ರ ಹೇಗೋ ಹಿಡಿಯುತ್ತದೆ, ಹಿಟ್ಟಿನ ಚೀಲಗಳನ್ನು ಮನೆಯ ಪಡಸಾಲೆಯಲ್ಲಿ ಒಟ್ಟಬೇಕಾಗುತ್ತದೆ. ಸರಿ ಎಂದು ತಲೆಯಾಡಿಸಿದಳು.

ಟೇಪನ್ನು ಬಣವಿಯ ಅಂಚಿಗೆ ಹಿಡಿದು ಅಳೆದರು. ಬಾಬಾಜಾನ ಸಹಿ ಮಾಡಿದ.

ಒಂದೂವರೆ ತಿಂಗಳಿಗೆ ಉತಾರ ಬಂತು. ಮೂವತ್ತು ಅಡಿ ಇರಬೇಕಿದ್ದ ಅಗಲ ಅದರಲ್ಲಿ ಇಪ್ಪತ್ತಾರು ಅಡಿ. ಅದರ ಮೇಲೆಯೇ ಬ್ಯಾಂಕು ಸಾಲ ಮಂಜೂರು ಮಾಡಿತು.