ಕಯಾಕಿನ ಮುಚ್ಚಳ ಮತ್ತು ಗುಲಾಬಿ ಚಿಕ್ಕಿಯ ಹಪ್ಪಳ

ನಾನು ಒಂದು ಮುಚ್ಚಳ. ಪಾತ್ರೆಯದಲ್ಲ, ಕಯಾಕಿನದು. ಕಯಾಕ್ ಎಂದರೆ ಒಬ್ಬನೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಸಪೂರ ದೋಣಿ. ಕೂತವನ ಬೆನ್ನ ಹಿಂದೆ ಒಂದು ಗೂಡು ಇರುತ್ತದೆ. ಆ ಗೂಡಿನ ಬಾಯಿ ಕಾಯುವುದು ನನ್ನ ಕೆಲಸ. ಒಳಗೆ ಗಾಳಿ ಇರುವಷ್ಟು ಹೊತ್ತು ದೋಣಿ ಮಗುಚಿದರೂ ಮುಳುಗುವುದಿಲ್ಲ. ನೀರು ಹೊಕ್ಕರೆ ಕಥೆ ಮುಗಿಯಿತು. ಹಾಗಿರುವಾಗ ನನ್ನನ್ನು ‘ಬರೀ ಮುಚ್ಚಳ’ ಎಂದವರ ಮೇಲೆ ಸಿಟ್ಟು ಬಾರದೆ ಇರುತ್ತದೆಯೇ?

ಸಿಟ್ಟು ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನನ್ನು ಮಾಡಿದ ಸುಕೇಶ ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆರು ವರ್ಷ ದೋಣಿ ಕಟ್ಟುವ ಶೆಡ್ಡಿನಲ್ಲಿ ಬೇರೆಯವರ ದೋಣಿಗಳಿಗೆ ಸ್ಯಾಂಡ್‌ಪೇಪರ್ ಉಜ್ಜಿ, ಫೈಬರ್ ಪುಡಿಯಲ್ಲಿ ಮೈ ತುರಿಸಿಕೊಂಡು ಬದುಕಿದವನು. ಒಂದು ದಿನ ರೋಸಿಹೋಗಿ, ಕುಂದಾಪುರದ ಹತ್ತಿರ ಹೊಳೆ ದಡದಲ್ಲಿದ್ದ ತನ್ನ ಚಿಕ್ಕಿಯ, ಅಂದರೆ ಚಿಕ್ಕಮ್ಮನ, ಮನೆಯಂಗಳದಲ್ಲಿ ತನ್ನದೇ ಕಯಾಕ್ ಕಟ್ಟಲು ಕೂತ. ಪ್ಲೈವುಡ್ ಹಲಗೆಗಳನ್ನು ತಂತಿಯಿಂದ ಹೊಲಿದು, ರೆಸಿನ್ ಅಂಟು ಹಚ್ಚಿ ಬಿಗಿದ. ಕೊನೆಗೆ ಮೇಲಿನ ಹಲಗೆಯಲ್ಲಿ ಗೂಡಿನ ಬಾಯಿ ಕೊರೆದ. ಕೊರೆದಾಗ ಹೊರಗೆ ಬಂದ ತುಂಡೇ ನಾನು. ಹಾಗಾಗಿ ದೋಣಿಯ ಮರದ ಗೆರೆ ನನ್ನ ಮೇಲೂ ಮುಂದುವರಿಯುತ್ತದೆ. ಬೇಕಾದರೆ ಬಂದು ನೋಡಿ.

ನಾನು ಒಳಗೆ ಬೀಳದಂತೆ ಗೂಡಿನ ಬಾಯಿಯೊಳಗೆ ಸುತ್ತಲೂ ಸಪೂರ ಹಲಗೆಯ ಅಂಚು ಕೂಡಿಸಿ, ಹಳೇ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿಯನ್ನು ನನ್ನ ಅಡಿಯ ಅಂಚಿನ ಸುತ್ತ ಅಂಟಿಸಿದ. ಮೇಲಿನಿಂದ ಎರಡು ಬೆಲ್ಟ್, ಎರಡು ಬಕಲ್. ಆದರೆ ನೀರು ಒಳಗೆ ಹೋಗುವುದೋ ಇಲ್ಲವೋ ಎಂದು ನೋಡುವುದು ಹೇಗೆ? ಉಪಾಯ ಹೇಳಿದವಳು ಹಪ್ಪಳ ಮಾರಿ ಮನೆ ನಡೆಸುತ್ತಿದ್ದ ಗುಲಾಬಿ ಚಿಕ್ಕಿ.

“ಕರಿದ ಹಪ್ಪಳ ಒಂದ್ ಒಳಗಿಡ್ ಮಗಾ. ಒಂಚೂರ್ ತೇವ ಸೋಕಿರೂ ಅದ್ ಸುಳ್ಳ್ ಹೇಳುದಿಲ್ಲೆ.”

ಮೊದಲ ದಿನ ದೋಣಿಯನ್ನು ಹೊಳೆಯಲ್ಲಿ ಮಗುಚಿ ತೆಗೆದಾಗ ಹಪ್ಪಳ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಸುಕೇಶ ನನ್ನನ್ನು ಅಂಗಳದಾಚೆಗೆ ಎಸೆದ. ಆಮೇಲೆ ತಾನೇ ಹೋಗಿ ಎತ್ತಿಕೊಂಡು ಬಂದ. ಗೂಡಿನ ಅಂಚಿಗೆ ಸೀಮೆಸುಣ್ಣ ಬಳಿದು, ನನ್ನನ್ನು ಒತ್ತಿ ಮುಚ್ಚಿ, ತೆಗೆದು ನೋಡಿದ. ರಬ್ಬರಿನ ಸುತ್ತ ಬಿಳಿ ಗೆರೆ ಮೂಡಿತ್ತು, ಒಂದು ಮೂಲೆಯಲ್ಲಿ ಮಾತ್ರ ಇರಲಿಲ್ಲ. ಪಟ್ಟಿಯ ಎರಡು ತುದಿ ಸೇರುವ ಜಾಗ ಅದು. ಕಳ್ಳ ಸಿಕ್ಕಿದ. ಪಟ್ಟಿಯನ್ನು ಕಿತ್ತು, ತುದಿಗಳನ್ನು ಓರೆಯಾಗಿ ಕತ್ತರಿಸಿ, ಈ ಸಲ ಮೂಲೆಯಲ್ಲಿ ಅಲ್ಲ, ನೇರ ಅಂಚಿನ ನಡುವೆ ಕೂಡಿಸಿದ. ಅಂದಿನಿಂದ ಗಾಳಿಯೂ ನನ್ನನ್ನು ದಾಟಲಿಲ್ಲ.

ಪರೀಕ್ಷೆಯ ದಿನ ಜಯಶೀಲ ಶೆಟ್ರು ಬಂದರು. ಪ್ರವಾಸಿಗರನ್ನು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಹೊಳೆ ಸುತ್ತಿಸುವವರು. ದೋಣಿ ಗೆದ್ದರೆ ಇಂಥವೇ ನಾಲ್ಕು ಕಟ್ಟಲು ಸುಕೇಶನಿಗೇ ಹೇಳುವುದು, ಸೋತರೆ ಅವನು ಮರುದಿನದಿಂದ ಶೆಡ್ಡಿನಲ್ಲಿ ಪುನಃ ಸ್ಯಾಂಡ್‌ಪೇಪರ್ ಹಿಡಿಯುವುದು. ಮಾತು ಅಷ್ಟೇ.

ಶೆಟ್ರು ಬರುವುದು ತಡವಾಗಿ, ಕಯಾಕ್ ಸುಡುವ ಮರಳಿನ ಮೇಲೆ ಎರಡು ತಾಸು ಬಿದ್ದಿತ್ತು. ಸುಕೇಶ ಅವರೆದುರೇ ಹಪ್ಪಳ ಇಟ್ಟು, ಬಕಲ್ ಎಳೆದು, ತಂಪು ನೀರಿಗೆ ಇಳಿದು ದೋಣಿ ಮಗುಚಿದ. ಅರ್ಧ ಗಂಟೆ ಹಾಗೆಯೇ ಹಿಡಿದು ನಿಂತ. ದಡಕ್ಕೆ ಎಳೆದು ಬೆಲ್ಟ್ ಬಿಚ್ಚಿದರೆ ನಾನು ಬರಲಿಲ್ಲ! ಒಳಗಿನಿಂದ ಯಾರೋ ನನ್ನನ್ನು ಬಲವಾಗಿ ಎಳೆದು ಹಿಡಿದಿದ್ದರು. ಸುಕೇಶ ಉಗುರು ಹಾಕಿದ, ಚಮಚ ಹಾಕಿದ. ಊಹೂಂ.

ಶೆಟ್ರು ಹೊಟ್ಟೆ ಹಿಡಿದು ನಕ್ಕರು. “ಎಂಟನೇ ಕ್ಲಾಸ್ ಬಿಟ್ಟವ ದೋಣಿ ಕಟ್ಟಿದ ಕಾಣಿ! ಬಾಗ್ಲ್ ಹಾಕುಕೆ ಬತ್ತ್, ತೆಗುಕೆ ಬತ್ತಿಲ್ಲೆ!”

ಸುಕೇಶ ಸ್ಕ್ರೂಡ್ರೈವರ್ ಎತ್ತಿದ. ಇನ್ನೊಂದು ಗಳಿಗೆಯಾಗಿದ್ದರೆ ನಾನು ಸೀಳಿಹೋಗುತ್ತಿದ್ದೆ. ಚಿಕ್ಕಿ ಅವನ ಕೈ ಹಿಡಿದಳು.

“ಹುಚ್ಚ್ ಹಿಡ್ದಿತಾ ನಿಂಗೆ? ಬಿಸಿ ಸಾರ್ ಹಾಕಿ ಡಬ್ಬಿ ಮುಚ್ಚಿರೆ, ತಣ್ದ ಮೇಲ್ ಹೀಂಗೇ ಕಚ್ಚಿಕಂತ್. ಬಿಸ್ಲಿಗ್ ಬಿಡ್, ತನ್ನಿಂದ್ ತಾನೇ ಬತ್ತ್.”

ಹಾಗೆಯೇ ಆಯಿತು. ಬಿಸಿಲು ತಾಗಿ, ತಣ್ಣೀರಲ್ಲಿ ಕುಗ್ಗಿದ್ದ ಒಳಗಿನ ಗಾಳಿ ಮತ್ತೆ ಹಿಗ್ಗಿದ ಕೂಡಲೇ ನಾನು ‘ಪುಸ್’ ಎಂದು ಎದ್ದೆ. ಹಪ್ಪಳ ಗರಿಗರಿಯಾಗಿತ್ತು. ಆದರೂ ಶೆಟ್ರು ತಲೆ ಅಲ್ಲಾಡಿಸಿದರು. “ನಡು ಹೊಳೆಯಗೆ ಯಾರಿಗಾರೂ ಮಾತ್ರೆ ಬೇಕಾರೆ, ಬಿಸ್ಲ್ ಬಪ್ಪ ತನ್ಕ ಕಾಯ್ಕಾ? ಊಟ ಮಾಡ್ಕಂಡ್ ಬತ್ತೆ. ಅಷ್ಟ್ರೊಳಗ್ ಸರಿ ಮಾಡು.”

“ಗಾಳಿಗೂ ಹೋಪುಕ್ ಬಪ್ಪುಕ್ ಒಂದ್ ದಾರಿ ಬೇಕಲ್ದಾ,” ಎಂದಳು ಚಿಕ್ಕಿ, ಯಾರಿಗೆಂದಿಲ್ಲದೆ.

ಸುಕೇಶ ಎದ್ದು, ಕೂರುವ ಜಾಗಕ್ಕೂ ಗೂಡಿಗೂ ನಡುವೆ ಇದ್ದ ಅಡ್ಡಹಲಗೆಯಲ್ಲಿ ಸೂಜಿ ತೂರುವಷ್ಟು ತೂತು ಕೊರೆದ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಹನಿ ನೀರು ಬಿಡದ ನನ್ನ ಹಿಂದೆ ಒಂದು ತೂತೇ? ಈ ತೂತಿನಲ್ಲಿ ನೀರು ಬಂದರೆ ನಾಲ್ಕೂ ದೋಣಿ ಅಲ್ಲಿಗೇ ಮುಳುಗಿದ ಹಾಗೆ.

ಶೆಟ್ರು ಬಂದರು. ಮತ್ತೆ ಬಿಸಿಲು, ಮತ್ತೆ ಹೊಸ ಹಪ್ಪಳ, ಮತ್ತೆ ತಂಪು ನೀರು, ಮತ್ತೆ ಅರ್ಧ ಗಂಟೆ. ಮಗುಚಿದ ದೋಣಿಯ ಕೂರುವ ಜಾಗದಲ್ಲಿ ಸಿಕ್ಕಿಕೊಂಡಿದ್ದ ಗಾಳಿಯೇ ತೂತಿನಿಂದ ಒಳಗೆ ಬಂತು, ನೀರಲ್ಲ; ಈ ಸಲ ಒಳಗಿನಿಂದ ಯಾರೂ ನನ್ನನ್ನು ಎಳೆಯಲಿಲ್ಲ. ಬಕಲ್ ಬಿಚ್ಚಿದ ಕೂಡಲೇ ಸುಕೇಶನ ಒಂದೇ ಬೆರಳಿಗೆ ಎದ್ದು ಬಂದೆ. ಶೆಟ್ರು ಹಪ್ಪಳ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿದರು.

ಕರ್ರ್!

“ಉಪ್ಪ್ ಕಮ್ಮಿ ಆಯ್ತ್ ಗುಲಾಬಿ,” ಎಂದು ತಿನ್ನುತ್ತಲೇ ಹೇಳಿದರು. “ನಾಲ್ಕ್ ಸಾಕಾತಿಲ್ಲ ಮಾರಾಯ. ಆರ್ ಕಟ್ಟ್.”

ನಾನಿದ್ದ ಕಯಾಕನ್ನೂ ಶೆಟ್ರೇ ಕೊಂಡರು; ಏಳು ವರ್ಷ ನಾನು ಅವರ ಕೈಯಲ್ಲಿ ದುಡಿದೆ. ಯಾರ್‍ಯಾರದೋ ಚಪ್ಪಲಿ, ಮೊಬೈಲು, ಮಗುವಿನ ಹಾಲಿನ ಬಾಟ್ಲಿ ಕಾಯ್ದೆ. ಕೊನೆಗೆ ಒಬ್ಬ ಪ್ರವಾಸಿ ಕಯಾಕನ್ನು ಬಂಡೆಗೆ ಬಡಿದು ಕೂರುವ ಜಾಗದ ತಳ ಸೀಳಿದ. ಆಗಲೂ ದೋಣಿ ಮುಳುಗಲಿಲ್ಲ, ಅವನೂ ಮುಳುಗಲಿಲ್ಲ. ಗೂಡಿನ ಗಾಳಿ ಇಬ್ಬರನ್ನೂ ದಡದವರೆಗೆ ಹೊತ್ತು ತಂದಿತು. ದೋಣಿ ಒಲೆಗೆ ಹೋಯಿತು. ಸುಕೇಶ ಬಂದು ನನ್ನನ್ನು ಮಾತ್ರ ಕೇಳಿ ಒಯ್ದ. ಈಗ ಅವನದೇ ಶೆಡ್ಡು. ಬಹಳ ಕಾಲ ಅವನ ಹೊಸ ಮುಚ್ಚಳಗಳಿಗೆಲ್ಲ ನನ್ನನ್ನಿಟ್ಟು ಪೆನ್ಸಿಲ್ ಗೀಟು ಎಳೆದ.

ಅಂಚು ಸವೆದ ಮೇಲೆ ಚಿಕ್ಕಿ ನನ್ನನ್ನು ಬೇಡಿಕೊಂಡಳು. ಅಡುಗೆಮನೆಯ ಮೂಲೆಯಲ್ಲಿ, ಅವಳ ಹಪ್ಪಳದ ಪೆಟ್ಟಿಗೆಯ ಮೇಲೆ ಈಗ ನನ್ನ ವಾಸ. ಸುಕೇಶನೇ ಹೊಸ ರಬ್ಬರ್ ಅಂಟಿಸಿಕೊಟ್ಟಿದ್ದಾನೆ, ಪೆಟ್ಟಿಗೆಗೆ ಸೂಜಿಯಷ್ಟೇ ತೂತನ್ನೂ ಕೊರೆದಿದ್ದಾನೆ. ಆ ತೂತಿನ ಮೇಲೆ ನನಗೀಗ ಸಿಟ್ಟಿಲ್ಲ. ಗಟ್ಟಿಯಾಗಿ ಮುಚ್ಚಿಕೊಂಡು ಕೂರುವುದು ನನಗೆ ಹುಟ್ಟಿನಿಂದ ಗೊತ್ತಿತ್ತು; ಕರೆದಾಗ ತೆರೆದುಕೊಳ್ಳುವುದನ್ನು ಅದು ಕಲಿಸಿತು.

ಹೊರಗೆ ಆಷಾಢದ ಮಳೆ. ಗೋಡೆಯೂ ಬೆವರುತ್ತಿದೆ, ನನ್ನ ಪೆಟ್ಟಿಗೆಯ ಒಳಗೆ ಮಾತ್ರ ತೇವವಿಲ್ಲ. ನಂಬಿಕೆ ಇಲ್ಲದಿದ್ದರೆ ನನ್ನನ್ನು ಎತ್ತಿ, ಒಂದು ಹಪ್ಪಳ ತೆಗೆದು ಮುರಿದು ನೋಡಿ.